ದಾಸವಾಳದ ಹಿಟ್ಟು ತಿಗಣೆಗೆ ಬೇವಿನೆಣ್ಣೆ: ಮೂರು ತಿಂಗಳ ಬಳಕೆಯ ನಂತರ

ಫೆಬ್ರವರಿಯಲ್ಲಿ ನಮ್ಮ ಅಂಗಳದ ಕೆಂಪು ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದಾಗ, ದಿನವೂ ಪೂಜೆಗೆ ಕೊಯ್ಯುವ ಗಿಡಕ್ಕೆ ವಿಷ ಹೊಡೆಯಲು ಮನಸ್ಸಾಗದೆ ಬೇವಿನೆಣ್ಣೆಯ ಮೊರೆ ಹೋದೆ. ನಾನೀಗ ಬಳಸುತ್ತಿರುವುದು ಎರಡನೆಯ ಬಾಟಲಿ. ಮೊದಲು ಒಂದು ನರ್ಸರಿಯಿಂದ ತಂದ ಎಣ್ಣೆಗೆ ಬೇವಿನ ಘಾಟೇ ಇರಲಿಲ್ಲ, ಚೀಟಿಯ ಮೇಲೆ ಬೇವಿನಲ್ಲಿ ಕೀಟಗಳನ್ನು ತಡೆಯುವ ಸತ್ವವಾದ ಅಜಾಡಿರಾಕ್ಟಿನ್‌ನ ಪ್ರಮಾಣವೂ ನಮೂದಾಗಿರಲಿಲ್ಲ. ಮೂರು ಸಲ ಸಿಂಪಡಿಸಿದರೂ ತಿಗಣೆ ಜಗ್ಗಲಿಲ್ಲ. ಅನಂತರ 280 ರೂಪಾಯಿ ಕೊಟ್ಟು ತಂದ ಅರ್ಧ ಲೀಟರಿನ ಈ ಗಾಣದ ಎಣ್ಣೆಯ ಮೇಲೆ ಅದು 300 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 300 ಭಾಗ) ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಮುಚ್ಚಳ ತೆರೆದರೆ ಬೆಳ್ಳುಳ್ಳಿಯನ್ನು ನೆನಪಿಸುವ ಕಟುವಾಸನೆ ಮೂಗಿಗೆ ಬಡಿಯುತ್ತದೆ, ಚಳಿಯ ಬೆಳಗಿನಲ್ಲಿ ಎಣ್ಣೆ ತುಪ್ಪದಂತೆ ಗಟ್ಟಿಯಾಗುತ್ತದೆ.

ಎಣ್ಣೆ ಚೆನ್ನಾಗಿದೆ, ಬಳಕೆಯ ಸೂಚನೆ ಮಾತ್ರ ತೀರಾ ಅರೆಬರೆಯಾಗಿದೆ. ನೀರಿನಲ್ಲಿ ತಾನಾಗಿ ಬೆರೆಯದ ಎಣ್ಣೆಗೆ ಸೋಪು ಬೇಕೆಂಬ ಮುಖ್ಯ ಮಾತೇ ಅದರಲ್ಲಿಲ್ಲ. ನಾನು 5 ಮಿಲಿ ಎಣ್ಣೆಗೆ ಒಂದೆರಡು ಮಿಲಿ ಸೋಪಿನ ದ್ರಾವಣ ಹಾಕಿ ಚೆನ್ನಾಗಿ ಕಲಸಿ, ಒಂದು ಲೀಟರ್ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತೇನೆ. ನೀರು ಹಾಲಿನಂತೆ ಬೆಳ್ಳಗಾದರೆ ಹದ ಬಂದಂತೆ, ಮೇಲೆ ಎಣ್ಣೆ ತೇಲಿದರೆ ಎಲೆ ಸುಡುವ ಅಪಾಯವಿದೆ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಸತ್ವ ಕಳೆದುಕೊಳ್ಳುವುದರಿಂದ ಸಂಜೆಯೇ ಸಿಂಪಡಿಸಬೇಕು, ಕಲಸಿದ್ದನ್ನು ಅಂದೇ ಮುಗಿಸಬೇಕು.

ಇದು ಹೊಡೆದ ಕೂಡಲೇ ಹುಳುವನ್ನು ಕೆಡವುವ ಔಷಧಿಯಲ್ಲ. ಮರಿಗಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ, ಎಲೆಯನ್ನು ಅವುಗಳಿಗೆ ರುಚಿಸದಂತೆ ಮಾಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಬಿಡದೆ ಸಿಂಪಡಿಸುವ ತಾಳ್ಮೆ ಬೇಕು. ಗುಲಾಬಿಯ ಚಿಗುರಿಗೆ ಮುತ್ತಿದ್ದ ಹಸಿರು ಹೇನು ಎರಡೇ ಸಿಂಪರಣೆಗೆ ಹೋಯಿತು. ಮೈಗೆ ಮೇಣದ ಹೊದಿಕೆಯಿರುವ ಹಿಟ್ಟು ತಿಗಣೆಗೆ ಐದು ವಾರ ಹಿಡಿಯಿತು, ಅದೂ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಂಬೆಗಳನ್ನು ಉಜ್ಜಿ, ತಿಗಣೆ ಸ್ರವಿಸುವ ಸಿಹಿ ದ್ರವದ ಆಸೆಗೆ ಅದನ್ನು ಕಾಯುವ ಇರುವೆಗಳ ಸಾಲನ್ನು ತಪ್ಪಿಸಿದ ಮೇಲೆ. ಗುಲಾಬಿ ಮೊಗ್ಗಿನೊಳಗೆ ಅಡಗುವ ಥ್ರಿಪ್ಸ್ ನುಸಿಗೆ ಮಾತ್ರ ಇದರಿಂದ ಪ್ರಯೋಜನ ಕಾಣಲಿಲ್ಲ. ಕೆಟ್ಟ ಮೊಗ್ಗುಗಳನ್ನು ಕಿತ್ತು ಹಾಕಬೇಕಾಯಿತು.

ಐದನೆಯ ವಾರ, ಕವಲಿನಲ್ಲಿ ಉಳಿದಿದ್ದ ದಪ್ಪನೆಯ ಬಿಳಿ ತಿಗಣೆಯೊಂದನ್ನು ಉಜ್ಜಲು ಹೋದರೆ ಅದು ಸರಸರನೆ ನಡೆದು, ಪಕ್ಕದ ತಿಗಣೆಯ ಮೊಟ್ಟೆಗಳ ಗಂಟಿಗೆ ಬಾಯಿ ಹಾಕಿತು. ಅದು ತಿಗಣೆಯಾಗಿರದೆ, ತಿಗಣೆಯನ್ನೇ ತಿಂದು ಬದುಕುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯಾಗಿತ್ತು. ಕಾಫಿ ಗಿಡದ ರಸ ಹೀರುವ ಹಸಿರು ಶಲ್ಕ ಕೀಟದ ಹತೋಟಿಗೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಹುಳುವಿದು. ಮೈಮೇಲೆ ಉದ್ದನೆಯ ಬಿಳಿ ಎಳೆಗಳಿರುವ ಇದನ್ನು ತಿಗಣೆಯೆಂದೇ ಭಾವಿಸಿ ಈ ಮೊದಲು ಎಷ್ಟನ್ನು ಉಜ್ಜಿ ಹಾಕಿದ್ದೆನೋ ಎಂದು ಮನಸ್ಸಿಗೆ ನೋವಾಯಿತು. ಆ ಕೊಂಬೆಗೆ ಅಂದಿನಿಂದ ಎಣ್ಣೆ ಸಿಂಪಡಿಸಿಲ್ಲ. ಬಾಟಲಿಯಲ್ಲಿ ಇನ್ನೂ ಅರ್ಧದಷ್ಟು ಉಳಿದಿದೆ.