ಬೆರಳು, ಗೇಜು, ಎಣ್ಣೆ: ಬುಲೆಟ್ ಟ್ಯಾಪೆಟ್‌ನ ಮೂರು ದಾರಿ

ಪುಣೆಯ ನಮ್ಮ ಮನೆಯಲ್ಲಿ ಎರಡು ರಾಯಲ್ ಎನ್‌ಫೀಲ್ಡ್ ಇವೆ. ನನ್ನದು ಬಲಗಾಲಿನ ಗೇರಿನ, ಬೀಡು ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ 350. ತಮ್ಮನದು ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್ನಿನ ಕ್ಲಾಸಿಕ್. ಎರಡರಲ್ಲೂ ಪುಶ್‌ರಾಡ್ ಇವೆ, ಅಂದರೆ ಕೆಳಗೆ ತಿರುಗುವ ಕ್ಯಾಮಿನ ಉಬ್ಬು ಟ್ಯಾಪೆಟ್ ಎಂಬ ತುಂಡನ್ನು ಎತ್ತಿದಾಗ ಆ ತಳ್ಳನ್ನು ಮೇಲಿನ ವಾಲ್ವಿಗೆ ಮುಟ್ಟಿಸುವ ಕಡ್ಡಿಗಳು. ಆದ್ದರಿಂದ ಈ ಜೋಡಣೆಯ ಸಡಿಲು ಹೊಂದಿಸುವ ಟ್ಯಾಪೆಟ್ ಕೆಲಸವೂ ಒಂದೇ ಎಂದು ನಾನು ತಿಳಿದಿದ್ದೆ.

ಆ ತಿಳಿವಳಿಕೆಯ ಬೆಲೆ ಒಂದು ಭಾನುವಾರ. ಅಮೆರಿಕದ ವಿ8 ಎಂಜಿನ್ನಿನ ವಿಡಿಯೊ ಒಂದರಲ್ಲಿ, ರಾಡಿನ ಸಡಿಲು ಹೋದ ಮೇಲೆ ಇನ್ನೂ ಅರ್ಧದಿಂದ ಒಂದು ಸುತ್ತು ಬಿಗಿ ಮಾಡಬೇಕು ಎಂದಿದ್ದರು. ನನ್ನ ಬುಲೆಟ್ಟಿನ ಹೊಂದಿಸುವ ಸ್ಕ್ರೂಗೂ ಅರ್ಧ ಸುತ್ತು ಕೊಟ್ಟೆ. ಕಿಕ್ಕರ್ ತಡೆಯೇ ಇಲ್ಲದೆ ಕೆಳಗಿಳಿಯಿತು. ಸೈಕಲ್ ಪಂಪಿನ ವಾಷರ್ ಹೋದಾಗ ಆಗುತ್ತದಲ್ಲ, ಹಾಗೆ. ಕಂಪ್ರೆಷನ್ ಇಲ್ಲವೇ ಇಲ್ಲ.

ನಾನಾ ಪೇಠೆಯಲ್ಲಿ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ, ನಮಗೆಲ್ಲ ಅವರು ಕಾಕಾ. ಕೇಳಿ ನಕ್ಕರು. "ಇದು ಗಟ್ಟಿ ಟ್ಯಾಪೆಟ್ ತಮ್ಮಾ. ನೀನು ಬಿಗಿ ಮಾಡಿದಷ್ಟೂ ವಾಲ್ವ್ ತೆರೆದುಕೊಳ್ಳುತ್ತದೆ."

ವಿಡಿಯೊದ ಎಂಜಿನ್ನಿನಲ್ಲಿದ್ದದ್ದು ಹೈಡ್ರಾಲಿಕ್ ಲಿಫ್ಟರ್, ಅಂದರೆ ಎಣ್ಣೆ ತುಂಬಿದ ಟ್ಯಾಪೆಟ್. ಅದರೊಳಗೆ ಸ್ಪ್ರಿಂಗಿನ ಮೇಲೆ ಕುಳಿತ ಪ್ಲಂಜರ್, ಕೆಳಗೆ ಎಣ್ಣೆ, ಎಣ್ಣೆ ಹಿಂದೆ ಹೋಗದಂತೆ ತಡೆಯುವ ಪುಟ್ಟ ವಾಲ್ವ್. ಪ್ಲಂಜರನ್ನು ಸ್ವಲ್ಪ ಒಳಗೆ ಒತ್ತಿ ಇಡುವುದೇ ಪ್ರೀಲೋಡ್, ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಮಿಲಿಮೀಟರ್. ಬಿಸಿಗೆ ಲೋಹ ಹಿಗ್ಗಲಿ, ಭಾಗಗಳು ಸವೆಯಲಿ, ಎಣ್ಣೆ ಸರಿದೂಗಿಸಿಕೊಳ್ಳುತ್ತದೆ. ತಮ್ಮನ ಯುಸಿಇಯಲ್ಲಿ ಇರುವುದೂ ಇದೇ. ಅಲ್ಲಿ ತಿರುಗಿಸಲು ಸ್ಕ್ರೂ ಕೂಡ ಇಲ್ಲ, ಪ್ರೀಲೋಡ್ ನಿರ್ಧಾರವಾಗುವುದು ರಾಡಿನ ಉದ್ದದಿಂದ. ತಿಂಗಳು ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಕೆಲವು ಕ್ಷಣ ಟಕಟಕ ಎಂದು, ಎಣ್ಣೆ ತುಂಬಿದ ಮೇಲೆ ಸುಮ್ಮನಾಗುತ್ತದೆ. ತಮ್ಮನ ಪಾಲಿಗೆ ಟ್ಯಾಪೆಟ್ ಕೆಲಸವೆಂದರೆ ಸಮಯಕ್ಕೆ ಎಣ್ಣೆ ಬದಲಿಸುವುದು, ಅಷ್ಟೆ. ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ಗಾಡಿಗೆ ಉಳಿದದ್ದು ಎರಡೇ ದಾರಿ. ಮೊದಲು ಫೀಲರ್ ಗೇಜ್ ಹಿಡಿದೆ, ತೆಳು ಲೋಹದ ಎಲೆಗಳಿಂದ ಸಂದಿ ಅಳೆಯುವ ಸಾಧನ. ಟ್ಯಾಂಕ್ ಎತ್ತಿ, ರಾಕರ್ (ರಾಡಿನ ತಳ್ಳನ್ನು ತಿರುಗಿಸಿ ವಾಲ್ವನ್ನು ಒತ್ತುವ ಸನ್ನೆ) ಮುಚ್ಚಳ ಬಿಚ್ಚಿ, ರಾಕರ್ ಮತ್ತು ವಾಲ್ವಿನ ನಡುವೆ ಎಲೆ ತೂರಿಸಿದೆ. ಎರಡು ತೊಡಕು ಬಂದವು. ಈ ಎಂಜಿನ್ನಿಗೆ ಬೇಕಾದ ಸಂದಿ ಹೆಚ್ಚುಕಡಿಮೆ ಸೊನ್ನೆ, ನನ್ನ ಗೇಜಿನ ಅತಿ ತೆಳು ಎಲೆ 0.05 ಮಿ.ಮೀ. ಸೊನ್ನೆಯನ್ನು ಯಾವ ಎಲೆ ಅಳೆಯುತ್ತದೆ? ಎರಡನೆಯದು, ರಾಕರಿನ ತುದಿ ಸವೆದು ನಡುವೆ ಕುಳಿ ಬಿದ್ದಿತ್ತು. ಚಪ್ಪಟೆ ಎಲೆ ಕುಳಿಯ ಅಂಚುಗಳ ಮೇಲೆ ಹಲಗೆಯಂತೆ ನಿಲ್ಲುತ್ತದೆ, ಕುಳಿಯ ಆಳ ಲೆಕ್ಕಕ್ಕೆ ಬರುವುದಿಲ್ಲ. ಗೇಜು ಸರಿ ಎಂದ ಮೇಲೂ ಎಂಜಿನ್ ಬಡಿಯುತ್ತಲೇ ಇತ್ತು.

ಕಾಕಾ ಕಲಿಸಿದ್ದು ಬೆರಳಿನ ದಾರಿ. ರಾತ್ರಿಯಿಡೀ ತಣಿದ ಎಂಜಿನ್. ಪ್ಲಗ್ ಬಿಚ್ಚಿ, ನಾಲ್ಕನೇ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಕಂಪ್ರೆಷನ್ ಹೊಡೆತದ ತುದಿಗೆ ಪಿಸ್ಟನ್ ತರಬೇಕು. ಇಲ್ಲಿ ಒಂದಿಷ್ಟು ಹಿಂದುಮುಂದಾದರೂ ಚಿಂತೆಯಿಲ್ಲ, ಎರಡೂ ಕ್ಯಾಮ್‌ಗಳ ಉಬ್ಬು ಆಗ ಟ್ಯಾಪೆಟ್ಟಿನಿಂದ ದೂರ ಇರುತ್ತದೆ. ಬಲಬದಿಯ ಟ್ಯಾಪೆಟ್ ಮುಚ್ಚಳ ತೆಗೆದರೆ ರಾಡುಗಳ ಬುಡ ಕೈಗೆ ಸಿಗುತ್ತದೆ. ಎರಡು ಬೆರಳಲ್ಲಿ ರಾಡ್ ಸರಾಗವಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಎಕ್ಸಾಸ್ಟ್ ಕಡೆ ನಾನು ಕೂದಲೆಳೆಯಷ್ಟು ಹೆಚ್ಚು ಸಡಿಲ ಬಿಡುತ್ತೇನೆ. ಆ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಸೀಟಿಗೆ, ಅಂದರೆ ಅದು ಮುಚ್ಚಿಕೊಂಡು ಕೂರುವ ಅಂಚಿಗೆ, ಅಂಟಿ ಕುಳಿತಾಗಲೇ ಬಿಡುವುದು. ಬಿಗಿಯಾಗಿ ಕೂರದೇ ಹೋದರೆ ಸದ್ದಿಲ್ಲದೆ ಸುಟ್ಟುಹೋಗುತ್ತದೆ.

ಕಿರಿಕಿರಿಯ ಭಾಗ, ಹೊಂದಿಸಿದ ಸ್ಕ್ರೂ ಕದಲದಂತೆ ಹಿಡಿಯುವ ಲಾಕ್ ನಟ್. ಮೂರು ಸ್ಪ್ಯಾನರ್, ಎರಡು ಕೈ. ಬಿಗಿ ಮಾಡುವಾಗಲೇ ಹೊಂದಿಕೆ ಕದಲುವುದರಿಂದ ಮತ್ತೆ ರಾಡ್ ತಿರುಗಿಸಿ ನೋಡಲೇಬೇಕು. ನನಗೆ ಮೂರನೇ ಸಲಕ್ಕೆ ಸರಿಹೋಯಿತು, ಮರುದಿನ ಕಾತ್ರಜ್ ಘಾಟಿಯನ್ನು ಒಂದೇ ಉಸಿರಿಗೆ ಹತ್ತಿತು. ಗೇಜು ಈಗ ಪ್ಲಗ್ಗಿನ ಕಿಡಿಯ ಸಮಯ ನಿರ್ಧರಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಸಂದಿ ನೋಡಲು ಮಾತ್ರ ಡಬ್ಬಿಯಿಂದ ಹೊರಬರುತ್ತದೆ.