ವ್ಯಾನಿನ ಗ್ಯಾಸ್ ಲೈನೋ, ಬೇರೆ ಸಿಲಿಂಡರೋ?

ಆವಲಬೆಟ್ಟ, ನಂದಿಬೆಟ್ಟದ ಕಡೆ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳೋ ವ್ಯಾನ್) ತಗೊಂಡು ಹೋಗೋರು ಹೊರಗಡೆ ಒಲೆ ಹಚ್ಚೋಕೆ ಎರಡು ದಾರಿ. ವ್ಯಾನಿನ ಗ್ಯಾಸ್ ಲೈನಿನಿಂದಲೇ ಪೈಪ್ ಎಳೆಯೋದು, ಇಲ್ಲಾ 5 ಕೆ.ಜಿ. ಸಿಲಿಂಡರ್ ಬೇರೆ ಒಯ್ಯೋದು.

ಲೈನಿನಲ್ಲಿ ಅನುಕೂಲ ಜಾಸ್ತಿ, ಹೊರಗಿನ ಕನೆಕ್ಟರ್‌ಗೆ ಪೈಪ್ ಸಿಕ್ಕಿಸಿದರೆ ಆಯ್ತು. ಆದರೆ ಅಲ್ಲಿ ಬರೋದು ಒತ್ತಡ ಇಳಿಸೋ ರೆಗ್ಯುಲೇಟರ್ ದಾಟಿದ ಗ್ಯಾಸ್. ಒತ್ತಡ ಸುಮಾರು 30 ಮಿಲಿಬಾರ್, ನಮ್ಮ ಅಡುಗೆಮನೆಯಷ್ಟೇ. ಸಾಧಾರಣ ಎರಡು ಬರ್ನರ್ ಒಲೆಗೆ ಅದು ಸಾಕು. ಎಡವೋದು ಗ್ರಿಲ್ (ಸುಟ್ಟು ಬೇಯಿಸೋ ಗ್ಯಾಸ್ ಒಲೆ) ವಿಷಯದಲ್ಲಿ. ತನ್ನದೇ ರೆಗ್ಯುಲೇಟರ್ ಇರೋ ಗ್ರಿಲ್ಲನ್ನು ಈ ಲೈನಿಗೆ ಹಾಕಿದರೆ ಒತ್ತಡ ಎರಡೆರಡು ಸಲ ಇಳಿಯುತ್ತೆ. ನಾನೂ ಹಾಗೇ ಹಾಕಿ, ಗ್ರಿಲ್ಲಿನಲ್ಲೇ ಇರೋ ಪಕ್ಕದ ಬರ್ನರ್ ಮೇಲೆ ಮುದ್ದೆಗೆ ಎಸರಿಟ್ಟು ಮುಕ್ಕಾಲು ಗಂಟೆ ಕಾದೆ. ಉರಿ ಮಲ್ಲಿಗೆ ಮೊಗ್ಗಿನಷ್ಟು, ನೀರು ಮಾತ್ರ ಕುದಿಯಲೇ ಇಲ್ಲ. ಲೋ ಪ್ರೆಶರ್ ಲೈನಿಗೆಂದೇ ತಯಾರಾದ ಗ್ರಿಲ್ ಕೇಳಿ ತಗೊಳ್ಳಿ.

ಮದುವೆಮನೆಯ ಭಟ್ಟಿ ಒಲೆಯಂಥದ್ದಕ್ಕೆ ಹೈ ಪ್ರೆಶರ್ ರೆಗ್ಯುಲೇಟರ್ ಇರುವ ಬೇರೆ ಸಿಲಿಂಡರೇ ಬೇಕು. ಭಾರ ಹೊರಬೇಕು, ನಿಲ್ಲಿಸಿಯೇ ಸಾಗಿಸಬೇಕು, ನಿಜ. ಆದರೂ ಇಪ್ಪತ್ತು ಜನಕ್ಕೆ ಮುದ್ದೆ, ಬಸ್ಸಾರು ಅಂದರೆ ನಾನು ಅದನ್ನೇ ಆರಿಸ್ತೀನಿ. ನಾಲ್ಕು ಜನರ ಟೀ, ಉಪ್ಪಿಟ್ಟಿಗೆ ಲೈನೇ ವಾಸಿ.

ಯಾವುದಾದರೂ ಸರಿ, ಜೋಡಿಸಿದ ಮೇಲೆ ಜೋಡಣೆಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಗ್ಯಾಸ್ ಸೋರ್ತಿದೆ ಅಂತ, ಕಡ್ಡಿ ಗೀರಲೇಬೇಡಿ. ಗ್ಯಾಸ್ ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತೆ. ಹೊರಡುವ ಮುಂಚೆ ಸಿಲಿಂಡರಿನ ವಾಲ್ವ್ ಮುಚ್ಚಿ.