ಫೀಡ್ರಾನಾ, ಟೈಮ್‌ವಿಂಡಾ: ಹತ್ತು ರಾತ್ರಿ ಕೇಳಿದ ಮೇಲೆ

ಬರ್ಲಿನ್ ಸ್ಕೂಲ್, ಅಂದರೆ 1970ರ ದಶಕದಲ್ಲಿ ಜರ್ಮನಿಯವರು ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಕಟ್ಟಿದ ಸಂಗೀತ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಗೆಳೆಯರು ಕೇಳಿದಾಗಲೆಲ್ಲ ನಾನು ಎರಡು ಆಲ್ಬಮ್‌ಗಳ ನಡುವೆ ತಡವರಿಸುತ್ತಿದ್ದೆ. ಟ್ಯಾಂಜರೀನ್ ಡ್ರೀಮ್ ತಂಡದ ಫೀಡ್ರಾ, 1974. ಕ್ಲೌಸ್ ಶುಲ್ಟ್ಸೆಯ ಟೈಮ್‌ವಿಂಡ್, 1975. ಕೊನೆಗೆ ಒಂದು ರಾತ್ರಿ ಇದು, ಮರುರಾತ್ರಿ ಅದು ಅಂತ ಹತ್ತು ರಾತ್ರಿ, ಬೀದಿ ಸದ್ದು ಅಡಗಿದ ಮೇಲೆ, ಒಂದೇ ಹೆಡ್‌ಫೋನಿನಲ್ಲಿ ಕೇಳಿದೆ. ಶುಲ್ಟ್ಸೆ 1970ರಲ್ಲಿ ಟ್ಯಾಂಜರೀನ್ ಡ್ರೀಮ್‌ನ ಮೊದಲ ಆಲ್ಬಮ್‌ಗೆ ಡ್ರಮ್ಸ್ ಬಾರಿಸಿದವರು. ಹಾಗಾಗಿ ಇದು ಒಂದೇ ಮನೆಯಿಂದ ಬೇರೆಯಾದವರ ಹೋಲಿಕೆ.

ಎರಡರಲ್ಲೂ ಲಯ ಹಿಡಿಯುವುದು ಸೀಕ್ವೆನ್ಸರ್. ಅದು ಏನು ಅಂತ ನಮ್ಮವರಿಗೆ ಹೇಳುವುದು ಸುಲಭ. ಸಿಂಥಸೈಜರ್‌ಗೆ ಹೆಸರಾದ ಮೂಗ್ ಕಂಪನಿಯ 960 ಎಂಬ ಸೀಕ್ವೆನ್ಸರ್‌ನಲ್ಲಿ 8 ಗುಂಡಿಗಳ 3 ಸಾಲು. ಒಂದೊಂದು ಗುಂಡಿ ತಿರುಗಿಸಿದಾಗ ಒಂದೊಂದು ವೋಲ್ಟೇಜ್, ಆ ವೋಲ್ಟೇಜಿಗೆ ತಕ್ಕ ಸ್ವರ. ಎಂಟು ಮುಗಿದರೆ ಮತ್ತೆ ಮೊದಲಿಂದ. ಆದಿತಾಳದ ಎಂಟು ಅಕ್ಷರ ಬೆರಳಲ್ಲೇ ಇರುವವರಿಗೆ ಇದು ಹೊಸದಲ್ಲ. ಆವರ್ತವನ್ನು ಯಂತ್ರ ಸುತ್ತುತ್ತದೆ. ಮನುಷ್ಯನ ಕೈ ಎಲ್ಲಿ ಬೀಳುತ್ತದೆ ಅನ್ನುವುದನ್ನೇ ನಾನು ಎರಡರಲ್ಲೂ ಹುಡುಕುತ್ತಿದ್ದೆ.

ಫೀಡ್ರಾ ಧ್ವನಿಮುದ್ರಣಗೊಂಡದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಮ್ಯಾನರ್ ಸ್ಟುಡಿಯೋದಲ್ಲಿ, 1973ರ ಕೊನೆಗೆ. ಎಡ್ಗರ್ ಫ್ರೋಜ಼, ಕ್ರಿಸ್ಟೋಫರ್ ಫ್ರಾಂಕ, ಪೀಟರ್ ಬೌಮನ್, ಮೂವರೇ. ಶೀರ್ಷಿಕೆಯ ತುಣುಕು 17 ನಿಮಿಷಕ್ಕೂ ಹೆಚ್ಚು. ಅದರಲ್ಲಿ ಫ್ರಾಂಕ ಅವರ ಮೂಗ್ ಸಿಂಥಸೈಜರ್ ಬಿಸಿಯಾಗುತ್ತ ಹೋದ ಹಾಗೆ, ಸ್ವರ ಹುಟ್ಟಿಸುವ ಆಸಿಲೇಟರ್‌ಗಳ ಶ್ರುತಿ ಜಾರುತ್ತದೆ. ಮೊದಲ ಸಲ ಕೇಳಿದಾಗ ನನ್ನ ಕಿವಿ ಮುನಿಸಿಕೊಂಡಿತ್ತು. ಶ್ರುತಿ ಬಿಟ್ಟರೆ ಮೇಷ್ಟರ ಕಣ್ಣು ನೆನಪಾಗುವ ಅಭ್ಯಾಸ. ಐದನೇ ರಾತ್ರಿ ತಂಬೂರಿ ಪಕ್ಕಕ್ಕೆ ಇಟ್ಟುಕೊಂಡೆ. ಆವರ್ತದ ತಳದ ಸ್ವರಕ್ಕೆ ಷಡ್ಜ ಕೂಡಿಸಿ ಮೆಲ್ಲಗೆ ಮೀಟುತ್ತ ಕೂತೆ. ಮೊದಲು ಎರಡೂ ಒಂದರೊಳಗೊಂದು ಕರಗಿದವು. ಆಮೇಲೆ ನಡುವೆ ಸಣ್ಣ ಅಲೆ ಎದ್ದಿತು, ಅಲೆ ಬಿರುಸಾಯಿತು, ಕೊನೆಗೆ ತಂಬೂರಿ ಒಂದು ಕಡೆ, ಮೂಗ್ ಒಂದು ಕಡೆ. ಆ ಯಂತ್ರಕ್ಕೂ ಮೈ ಬಿಸಿಯಾಗುತ್ತದೆ ಅನ್ನುವುದು ಅವತ್ತು ಬೆರಳಿಗೇ ಗೊತ್ತಾಯಿತು. ಅವರು ಅದನ್ನು ಅಳಿಸದೆ ಉಳಿಸಿಕೊಂಡದ್ದಕ್ಕೆ ನನಗೆ ಆಳವಾದ ಕೃತಜ್ಞತೆ ಇದೆ.

ಎರಡನೇ ತುಣುಕಿನಲ್ಲಿ ಸೀಕ್ವೆನ್ಸರ್ ಹಿಂದೆ ಸರಿದು ಫ್ರೋಜ಼ ಅವರ ಮೆಲೋಟ್ರಾನ್ ತುಂಬಿಕೊಳ್ಳುತ್ತದೆ. ಮೆಲೋಟ್ರಾನ್ ಒಂದು ಕೀಬೋರ್ಡ್, ಅದರ ಪ್ರತಿ ಕೀಲಿಯ ಕೆಳಗೂ ಪಿಟೀಲಿನಂಥ ವಾದ್ಯದ ಸ್ವರ ಮುದ್ರಿಸಿದ ಒಂದು ಟೇಪಿನ ತುಂಡು. ಸುಮಾರು 8 ಸೆಕೆಂಡಿಗೆ ಟೇಪು ಮುಗಿಯುತ್ತದೆ, ಬೆರಳೆತ್ತಲೇಬೇಕು. ಪಿಟೀಲುಗಳು ಉಸಿರು ತೆಗೆದುಕೊಂಡ ಹಾಗೆ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ಟೈಮ್‌ವಿಂಡ್‌ನಲ್ಲಿ ಶುಲ್ಟ್ಸೆ ಒಬ್ಬರೇ. ಇಡೀ ಆಲ್ಬಮ್‌ಗೆ ಎರಡೇ ತುಣುಕು, ಒಂದು 30 ನಿಮಿಷ, ಇನ್ನೊಂದು 28. ತುಣುಕುಗಳ ಹೆಸರೆಲ್ಲ ಜರ್ಮನಿಯ ಒಪೆರಾ ಸಂಗೀತಗಾರ ವಾಗ್ನರ್‌ಗೆ ಸಂಬಂಧಪಟ್ಟವು: ಅವರು ಉತ್ಸವಮಂದಿರ ಕಟ್ಟಿಸಿದ ಊರು ಬೈರಾಯ್ಟ್, ಅಲ್ಲಿನ ಮನೆ ವಾನ್‌ಫ್ರೀಡ್, ತೀರಿಕೊಂಡ ವರ್ಷ 1883. ಮೊದಲ ತುಣುಕು 'ಬೈರಾಯ್ಟ್ ರಿಟರ್ನ್' ಗಾಳಿಯ ಸದ್ದಿನಿಂದ ಏಳುತ್ತದೆ. ಸೀಕ್ವೆನ್ಸರ್ ಒಮ್ಮೆ ಹಿಡಿದರೆ ಬಿಡುವುದಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ ಹೋದರೆ ಹತ್ತು ನಿಮಿಷದ ಹೊತ್ತಿಗೆ ಕೈ ತಾನಾಗಿ ನಿಂತಿರುತ್ತದೆ, ಲಯ ಮಾತ್ರ ಒಳಗೆ ನಡೆಯುತ್ತಿರುತ್ತದೆ. ಇಲ್ಲಿ ಕೈ ಬೀಳುವುದು ಆವರ್ತದ ಮೇಲಲ್ಲ, ಅದರ ಮೇಲೆ ಹಾಯುವ ತಂತಿವಾದ್ಯದಂಥ ಮೋಡಗಳ ಮೇಲೆ. ಎರಡನೇ ತುಣುಕು 'ವಾನ್‌ಫ್ರೀಡ್ 1883'ರಲ್ಲಿ ಆ ಮಿಡಿತ ಇಲ್ಲ. ಮೂರು ಸಲ ನಿದ್ದೆ ಬಂತು, ಅದನ್ನು ಕೊರತೆ ಅನ್ನಲಾರೆ.

ಡ್ರಮ್ಸ್ ಇಲ್ಲದೆ ಆಗುವುದಿಲ್ಲ ಅನ್ನುವವರು ಶುಲ್ಟ್ಸೆಯದ್ದೇ 1976ರ ಮೂನ್‌ಡಾನ್ ಕೇಳಿ. ಹರಾಲ್ಡ್ ಗ್ರೋಸ್ಕಾಫ್ ಬಾರಿಸಿದ್ದಾರೆ.

ಈಗ ಯಾರಾದರೂ ಕೇಳಿದರೆ ನಾನು ತಡವರಿಸುವುದಿಲ್ಲ: ಮೊದಲು ಫೀಡ್ರಾ. ಬಿಡಿ ತುಣುಕುಗಳಿವೆ, ನಡುವೆ ಎದ್ದು ನೀರು ಕುಡಿಯಬಹುದು. ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಅದು 15ನೇ ಸ್ಥಾನಕ್ಕೇರಿದ್ದೂ ಸುಮ್ಮನೆ ಅಲ್ಲ. ಟೈಮ್‌ವಿಂಡ್‌ಗೆ ಅರ್ಧ ಗಂಟೆ ಪೂರ್ತಿ ಒಪ್ಪಿಸಬೇಕು, ಒಪ್ಪಿಸಿದರೆ ಅದು ಕೊಡುವುದು ಹೆಚ್ಚು. ಎರಡನ್ನೂ ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ತಳದ ಸ್ವರಗಳು ಅದರಿಂದ ಹೊರಗೇ ಬರುವುದಿಲ್ಲ, ಆವರ್ತದ ಅರ್ಧ ಅಲ್ಲೇ ಕಳೆದುಹೋಗುತ್ತದೆ.